ಬಿಸಿಲ ನಾಡಿನಲ್ಲಿ ನೀರಿನ ಜಾಡು ಹಿಡಿದು

ಬೇಸಿಗೆ ರಜೆ ಬಂತೆಂದರೆ ಬಯಲುಸೀಮೆಯವರಾದ ನಮಗೆ ಊರು ಬಿಡುವ ಆತುರ. ಅನುಕೂಲವಿದ್ದವರು ಊಟಿ, ಕೊಡೈಕೆನಾಲ್ ಎನ್ನುತ್ತಾರೆ. ಇಲ್ಲದವರು ಮಲೆನಾಡಿನ ಯಾವುದೋ ನೆಂಟರ ಮನೆಯನ್ನು ನೆನಪಿಸಿಕೊಳ್ಳುತ್ತಾರೆ. ನಮ್ಮ ಊರೇ ನೋಡಬೇಕಾದ ಊರು, ನಮ್ಮ ದಾರಿಯೇ ನಡೆಯಬೇಕಾದ ದಾರಿ ಎಂದು ಯಾರಿಗೂ ಅನ್ನಿಸುವುದಿಲ್ಲ. ಅದರಲ್ಲೂ ಏಪ್ರಿಲ್ ತಿಂಗಳಲ್ಲಿ, ಚಿತ್ರದುರ್ಗದ ಬಂಡೆಗಳು ಕಾದ ಹೆಂಚಿನಂತಾಗುವಾಗ, ಕಾಲ್ನಡಿಗೆಯ ಮಾತೆತ್ತಿದರೆ ಕೇಳಿದವರು ನಮ್ಮ ಮುಖವನ್ನು ಒಮ್ಮೆ ನೋಡುತ್ತಾರೆ.

ಆದರೂ ನಾವು ಆರೇಳು ಮಂದಿ ಗೆಳೆಯರು ಒಂದು ಬೇಸಿಗೆಯಲ್ಲಿ ಇದನ್ನೇ ಮಾಡಿದೆವು. ಯುಗಾದಿ ಕಳೆದ ಮೇಲೆ, ಮುಂಗಾರು ಹಿಡಿಯುವ ಮೊದಲು, ಬಿಡುವಾದ ಭಾನುವಾರಗಳಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸುತ್ತ ನಿಧಾನವಾಗಿ ನಡೆಯುವುದು, ಆತುರವಿಲ್ಲದೆ ನೋಡುವುದು, ಬಿಸಿಲೇರುವ ಮೊದಲು ನೆರಳು ಸೇರುವುದು. ಇಷ್ಟೇ ನಮ್ಮ ಯೋಜನೆ. ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು, ತೆಂಗಿನಕಾಯಿ ವ್ಯಾಪಾರಿಯೊಬ್ಬರಿದ್ದರು, ಗ್ಯಾರೇಜಿನವರಿದ್ದರು. ತಾತನ ಬೆರಳು ಹಿಡಿದು ಬಂದ ಹನ್ನೊಂದು ವರ್ಷದ ಹುಡುಗನೊಬ್ಬನೂ ಇದ್ದ.

ಯೋಜನೆ ಹಾಕಲು ಕುಳಿತಾಗ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ, "ಏನು ನೋಡೋದು ಅನ್ನೋದು ಆಮೇಲಿರಲಿ. ನೀರು ಎಲ್ಲೆಲ್ಲಿ ಸಿಗುತ್ತೆ, ನೆರಳು ಎಲ್ಲೆಲ್ಲಿ ಸಿಗುತ್ತೆ, ಅದನ್ನ ಮೊದಲು ಬರ್ಕೊಳ್ಳಿ" ಎಂಬುದು. ಒಂದು ಹಾಳೆಯ ಮೇಲೆ ಕೆರೆ, ಹೊಂಡ, ಬಾವಿ, ತೋಪುಗಳನ್ನು ಗುರುತು ಹಾಕಿದೆವು. ಇನ್ನೊಂದು ಹಾಳೆಯ ಮೇಲೆ ಶಾಸನ, ಕೋಟೆ, ಗುಡಿ, ಮಸೀದಿ, ದರ್ಗಾ, ಅಣೆಕಟ್ಟುಗಳನ್ನು ಬರೆದೆವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಆಶ್ಚರ್ಯವಾಯಿತು. ಎರಡೂ ಹಾಳೆಗಳ ಗುರುತುಗಳು ಹೆಚ್ಚುಕಡಿಮೆ ಒಂದೇ ಕಡೆ ಬಿದ್ದಿದ್ದವು. ಈ ಬರದ ನಾಡಿನಲ್ಲಿ ನೀರು ಇದ್ದಲ್ಲಿಯೇ ಚರಿತ್ರೆ ನಡೆದಿದೆ. ಶಾಲೆಯಲ್ಲಿ ನಮಗೆ ಕಲಿಸಿದ್ದು ಮಾತ್ರ ಯುದ್ಧಗಳ ಚರಿತ್ರೆ.

ನಡೆದವರ ಚರಿತ್ರೆ

ಬೇಸಿಗೆಯಲ್ಲಿ ನಡೆಯುವುದು ಹೊಸ ಸಂಗತಿಯೇನಲ್ಲ. ಸುಗ್ಗಿ ಮುಗಿದು, ಹೊಲದ ಕೆಲಸ ನಿಂತು, ಜನ ಜಾತ್ರೆಗೆ, ಉರೂಸಿಗೆ, ಮದುವೆಗೆ, ಸಂತೆಗೆ ಹೊರಡುತ್ತಿದ್ದುದೇ ಈ ತಿಂಗಳುಗಳಲ್ಲಿ. ಗಾಡಿ ಕಟ್ಟುವವರು ರಾತ್ರಿ ತಂಪಿನಲ್ಲಿ ಕಟ್ಟುತ್ತಿದ್ದರು. ನಡೆಯುವವರು ಕೋಳಿ ಕೂಗುವ ಹೊತ್ತಿಗೆ ಎದ್ದು, ಹೊತ್ತು ಮಾರುದ್ದ ಏರುವಷ್ಟರಲ್ಲಿ ಒಂದು ತೋಪು ಸೇರಿ, ಬುತ್ತಿ ಬಿಚ್ಚಿ, ಇಳಿಹೊತ್ತಿಗೆ ಮತ್ತೆ ಹೊರಡುತ್ತಿದ್ದರು. ಅವರು ಹೀಗೆ ನಡೆಯಲು ಸಾಧ್ಯವಾದದ್ದು ಅವರಿಗಿಂತ ಮೊದಲಿನವರು ದಾರಿಯಲ್ಲಿ ಸಾಲುಮರ ನೆಟ್ಟಿದ್ದರಿಂದ, ಬಾವಿ ತೋಡಿಸಿದ್ದರಿಂದ, ಊರ ಬಾಗಿಲಲ್ಲಿ ಅರವಟ್ಟಿಗೆ ಇಟ್ಟಿದ್ದರಿಂದ. ಅರವಟ್ಟಿಗೆಯಲ್ಲಿ ಮಣ್ಣಿನ ಹರವಿಯ ನೀರು, ಕೆಲವೆಡೆ ನೀರುಮಜ್ಜಿಗೆ, ಪಾನಕ. ಮಸೀದಿ, ದರ್ಗಾಗಳ ಮುಂದೆ ಅದೇ ಕೆಲಸಕ್ಕೆ ಸಬೀಲ್ ಎಂಬ ಹೆಸರು. ಹೆಸರು ಬೇರೆಯಾದರೂ ಬಾಯಾರಿದವನಿಗೆ ಸಿಕ್ಕ ನೀರು ಒಂದೇ. ಕುಡಿಯಲು ನೀರು ಕೊಡುವುದು ದೊಡ್ಡ ದಾನವೆಂದು ನಂಬಿದ ಎರಡು ಪರಂಪರೆಗಳು ಒಂದೇ ರಸ್ತೆಯ ಎರಡು ಬದಿಗಳಲ್ಲಿ ಹರವಿ ಇಟ್ಟುಕೊಂಡು ಕುಳಿತಿದ್ದವು.

ಈ ಪರಂಪರೆ ಎಷ್ಟು ಹಳೆಯದು? ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಿ, ಜೀವಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ ಎಂಬುದು ಅಲ್ಲಿನ ಸಾರ. ಇದೇ ಅಶೋಕ ತನ್ನ ಏಳನೆಯ ಸ್ತಂಭ ಶಾಸನದಲ್ಲಿ, ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಯಲ್ಲಿ ಆಲದ ಮರ ನೆಡಿಸಿದ್ದನ್ನು, ಮಾವಿನ ತೋಪು ಬೆಳೆಸಿದ್ದನ್ನು, ಬಾವಿ ತೋಡಿಸಿದ್ದನ್ನು, ನೀರು ಕುಡಿಯುವ ತಾಣಗಳನ್ನು ಮಾಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಅಂದರೆ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಬಿಸಿಲಿನಲ್ಲಿ ನಡೆಯುವವನ ಕಷ್ಟ ಒಬ್ಬ ಚಕ್ರವರ್ತಿಯ ಗಮನಕ್ಕೆ ಬಂದಿತ್ತು.

ಇತ್ತೀಚಿನ ನಡಿಗೆಗಾರರಲ್ಲಿ ಫ್ರಾನ್ಸಿಸ್ ಬುಕನನ್ ಒಬ್ಬ. ಟಿಪ್ಪು ಸುಲ್ತಾನನ ಪತನದ ನಂತರ ಈ ಸೀಮೆಯನ್ನು ಅಳೆದು ತೂಗಲು ಕಂಪನಿ ಸರಕಾರ ಕಳಿಸಿದ ವೈದ್ಯ. ಅವನು 1801ರಲ್ಲಿ ಬಿದನೂರಿನ ಕಡೆಯಿಂದ ಚಿತ್ರದುರ್ಗದ ಮೇಲೆ ಹಿರಿಯೂರಿಗೆ ಬಂದ. ಹೋದಲ್ಲೆಲ್ಲ ಮಣ್ಣು ಯಾವುದು, ಬೆಳೆ ಯಾವುದು, ಕೆರೆಯಲ್ಲಿ ನೀರೆಷ್ಟು ಎಂದು ರೈತರನ್ನು ಕೇಳಿ ಬರೆದುಕೊಂಡ. ಆಳುವವನ ಲೆಕ್ಕಾಚಾರಕ್ಕೆ ಬರೆದದ್ದು ಅದು, ನಿಜ. ಆದರೂ ದಿನಕ್ಕೊಂದು ಹಂತದಂತೆ ನಿಧಾನವಾಗಿ ಸಾಗಿದ್ದರಿಂದಲೇ ಅವನಿಗೆ ಅಷ್ಟು ಕಂಡಿತು. ಹೆದ್ದಾರಿಯಲ್ಲಿ ಹಾರುವ ನಮಗೆ ಕಾಣುವುದು ಟೋಲ್ ಗೇಟು ಮಾತ್ರ.

ಚಂದ್ರವಳ್ಳಿಯ ಕೆರೆ

ನಮ್ಮ ಮೊದಲ ನಡಿಗೆ ಚಂದ್ರವಳ್ಳಿಗೆ. ಫಜ್ರ್ ನಮಾಝ್ ಮುಗಿಸಿದವರು, ಮನೆಯಂಗಳಕ್ಕೆ ನೀರು ಹಾಕಿ ಬಂದವರು, ಎಲ್ಲರೂ ಬಸ್ ನಿಲ್ದಾಣದ ಹತ್ತಿರ ಸೇರಿ ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಬೆಟ್ಟಗಳ ನಡುವಿನ ಈ ಕಣಿವೆ ಏಪ್ರಿಲ್‌ನಲ್ಲೂ ಬೆಳಗಿನ ಎಂಟರವರೆಗೆ ತಂಪಾಗಿರುತ್ತದೆ. ಎದುರಿಗೆ ಕೆರೆ, ಹಿಂದೆ ಅಂಕಲಿ ಮಠದ ಗುಹೆಗಳು.

ಇಲ್ಲಿ ಭೈರವೇಶ್ವರ ಗುಡಿಯ ಬಳಿ ಬಂಡೆಯೊಂದರ ಮೇಲೆ ಮೂರು ಸಾಲಿನ ಒಂದು ಚಿಕ್ಕ ಶಾಸನವಿದೆ. ನಾಲ್ಕನೆಯ ಶತಮಾನದ್ದು, ಪ್ರಾಕೃತ ಭಾಷೆಯದು. ಕದಂಬರ ಮಯೂರಶರ್ಮ ಈ ಕೆರೆಯನ್ನು ಕಟ್ಟಿಸಿದ ಎನ್ನುತ್ತದೆ ಅದು. ಆತ ಪಲ್ಲವರನ್ನೂ ಆಭೀರರನ್ನೂ ಇನ್ನಿತರರನ್ನೂ ಗೆದ್ದವನೆಂಬ ಪಟ್ಟಿಯೂ ಅದರಲ್ಲಿದೆ. ಗೆದ್ದ ರಾಜ್ಯಗಳ ಹೆಸರುಗಳನ್ನು ಓದಲು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಆ ರಾಜ್ಯಗಳಲ್ಲಿ ಒಂದೂ ಈಗಿಲ್ಲ. ಕೆರೆ ಮಾತ್ರ ಕಣ್ಣೆದುರಿಗಿದೆ. ಮೇಷ್ಟ್ರು ಹುಡುಗನನ್ನು ಕರೆದು, "ನೋಡಪ್ಪ, ಈ ರಾಜ ಏನೇನು ಗೆದ್ದ ಅಂತ ಬರೆಸಿದ. ಆದ್ರೆ ಬರೆಸೋಕೆ ಕಾರಣ ಸಿಕ್ಕಿದ್ದು ಕೆರೆ ಕಟ್ಟಿಸಿದ್ದಕ್ಕೆ" ಎಂದರು.

ಕಣಿವೆಯಲ್ಲಿ 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಉತ್ಖನನ ನಡೆಸಿದರು. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವ್ಹೀಲರ್ ಇಲ್ಲಿಯೂ ಅಗೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಸಾಮ್ರಾಜ್ಯದ ನಾಣ್ಯವೂ ಇಲ್ಲಿ ಸಿಕ್ಕಿದೆ. ಕಡಲಿಂದ ಇಷ್ಟು ದೂರದ, ಮಳೆ ಕಡಿಮೆ ಬೀಳುವ ಈ ಕಣಿವೆಗೆ ರೋಮಿನ ಬೆಳ್ಳಿ ಬಂದದ್ದು ಹೇಗೆ? ವ್ಯಾಪಾರಿಗಳ ಕಾಲ ಮೇಲೆ, ಎತ್ತಿನ ಬೆನ್ನ ಮೇಲೆ. ನೀರಿದ್ದ ಕಡೆ ಅವರು ತಂಗಿದರು, ತಂಗಿದ ಕಡೆ ಊರಾಯಿತು. ಚಂದ್ರವಳ್ಳಿ ಒಂದು ತಂಗುದಾಣದ ಕತೆಯೂ ಹೌದು.

ಕೋಟೆಯಲ್ಲಿ ಒಂದು ಪ್ರಶ್ನೆ

ಎರಡನೆಯ ನಡಿಗೆ ಕೋಟೆಗೆ. ಏಳು ಸುತ್ತಿನ ಕಲ್ಲಿನ ಕೋಟೆಯನ್ನು ಪ್ರವಾಸಿಗರು ಸಾಮಾನ್ಯವಾಗಿ ಹನ್ನೊಂದು ಗಂಟೆಗೆ ಹತ್ತಲು ಶುರುಮಾಡಿ, ಎರಡು ಗಂಟೆಗೆ ಸುಸ್ತಾಗಿ ಇಳಿಯುತ್ತಾರೆ. ಬಾಗಿಲು ತೆರೆದ ಕೂಡಲೇ ಒಳಗೆ ಹೋದರೆ ಬೇರೆಯದೇ ಕೋಟೆ ಕಾಣುತ್ತದೆ. ಬಂಡೆ ತಣ್ಣಗಿರುತ್ತದೆ. ಕೋತಿಗಳು ಆಗಷ್ಟೇ ಮೈಮುರಿಯುತ್ತಿರುತ್ತವೆ. ಬುತ್ತಿಯನ್ನು ಚೀಲದೊಳಗೆ ಭದ್ರವಾಗಿಡಬೇಕು, ಅಷ್ಟೇ.

ನಾವು ಹೋದದ್ದು ನೀರಿನ ದಾರಿಯಲ್ಲಿ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯಬೇಕು. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ಬಂಡೆಯ ಮೇಲೆ ಬಿದ್ದ ಮಳೆಯ ಹನಿಯನ್ನು ಪೋಲಾಗಲು ಬಿಡದೆ ಒಂದು ಹೊಂಡದಿಂದ ಇನ್ನೊಂದಕ್ಕೆ ಕೈದಾಟಿಸಿ ಊರಿನವರೆಗೆ ತಂದ ಏರ್ಪಾಡು ಇದು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಕೋಟೆ ತಡೆದು ನಿಂತದ್ದು ಗೋಡೆಯ ಬಲದಿಂದ ಎಂದು ನಾವು ತಿಳಿದಿದ್ದೇವೆ. ನೀರಿಲ್ಲದಿದ್ದರೆ ಆ ಗೋಡೆಯೊಳಗೆ ಒಂದು ಬೇಸಿಗೆ ಕಳೆಯುವುದೂ ಕಷ್ಟವಾಗುತ್ತಿತ್ತು. ಮಳೆಕೊಯ್ಲು ಎಂದು ಈಗ ಸರಕಾರಿ ಜಾಹೀರಾತುಗಳಲ್ಲಿ ಓದುವುದನ್ನು ಇಲ್ಲಿ ನಾಯಕರ ಕಾಲದ ಒಡ್ಡರು, ಕಲ್ಲುಕುಟಿಗರು ಕೈಯಾರೆ ಮಾಡಿಟ್ಟಿದ್ದಾರೆ.

ಹೀಗೆ ತಣ್ಣೀರು ದೋಣಿಯ ಬಳಿ ಬಂದೆವು. ವರ್ಷವಿಡೀ ತಣ್ಣನೆಯ ನೀರು ನಿಲ್ಲುವ ಪುಟ್ಟ ಜಾಗ. ಪಕ್ಕದಲ್ಲೇ ಓಬವ್ವನ ಕಿಂಡಿ. ಎಲ್ಲರೂ ಕಿಂಡಿ ನೋಡಲು ಮುಂದಾದರು, ಹುಡುಗ ಮಾತ್ರ ಹಿಂದುಳಿದ. ತಾತ ಕರೆದರೂ ಬರಲಿಲ್ಲ. ಆಮೇಲೆ ಮೆಲ್ಲನೆ ಹೇಳಿದ. ಹಿಂದಿನ ವರ್ಷ ಶಾಲೆಯ ಪ್ರವಾಸದಲ್ಲಿ ಇಲ್ಲಿಗೆ ಬಂದಾಗ ಮಕ್ಕಳು ಓಬವ್ವನ ಆಟ ಆಡಿದರಂತೆ. ಕಿಂಡಿಯಲ್ಲಿ ತಲೆ ತೂರಿಸುವ ಸೈನಿಕ ಯಾರಾಗಬೇಕು ಎಂಬ ಪ್ರಶ್ನೆಗೆ ಎಲ್ಲರೂ ಇವನ ಕಡೆ ಕೈ ತೋರಿಸಿದರಂತೆ. "ನಿಮ್ಮೋರೇ ಅಲ್ವಾ ಇಲ್ಲಿಂದ ಬಂದಿದ್ದು ಅಂದ್ರು, ದಾದಾ" ಎಂದ.

ತಾತ ಮಾತಾಡಲಿಲ್ಲ. ಮೇಷ್ಟ್ರು ಅವನ ಪಕ್ಕ ಕುಳಿತು, "ಓಬವ್ವ ಇಲ್ಲಿಗೆ ಬಂದಿದ್ದು ಯಾತಕ್ಕೆ, ಹೇಳು ನೋಡನ" ಎಂದರು.

"ಯುದ್ಧ ಮಾಡಾಕೆ."

"ಅಲ್ಲಪ್ಪ. ನೀರಿಗೆ ಬಂದಳು. ಮಧ್ಯಾಹ್ನ ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ಮನೇಲಿ ಕುಡಿಯೋ ನೀರಿರಲಿಲ್ಲ. ಕೊಡ ತಗೊಂಡು ಬಂದಳು. ಆಮೇಲೆ ಒನಕೆ."

ನಾವು ಈ ಕತೆಯನ್ನು ಎಷ್ಟೋ ಸಲ ಕೇಳಿದ್ದೆವು. ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರ ಅದನ್ನು ಮನೆಮನೆಗೆ ಮುಟ್ಟಿಸಿತು. 2021ರಿಂದ ನವೆಂಬರ್ 11ರಂದು ಸರಕಾರವೇ ಓಬವ್ವ ಜಯಂತಿ ಆಚರಿಸುತ್ತಿದೆ. ಆದರೆ ಆ ಕತೆ ಒಂದು ಖಾಲಿ ಕೊಡದಿಂದ ಶುರುವಾಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಓಬವ್ವ ನಿಂತದ್ದು ಒಂದು ಧರ್ಮದ ವಿರುದ್ಧವಲ್ಲ. ತನ್ನ ಗಂಡನ ಊಟದ ಹೊತ್ತನ್ನು, ತನ್ನ ಊರಿನ ನೀರನ್ನು, ತನ್ನ ಮನೆಯನ್ನು ಕಾಯಲು ನಿಂತಳು. ಅಂಥ ಹೆಣ್ಣುಮಗಳು ಯಾವ ಮನೆಯಲ್ಲೂ ಇರಬಹುದು.

ಹಾಗೆಂದು ಕಹಿಯಾದದ್ದನ್ನು ಮರೆಮಾಚುವುದು ನಮ್ಮ ಕೆಲಸವಲ್ಲ. ಹೈದರಾಲಿ ಈ ಕೋಟೆಯ ಮೇಲೆ ಮತ್ತೆ ಮತ್ತೆ ಬಂದು, ಕೊನೆಗೆ 1779ರಲ್ಲಿ ಗೆದ್ದ. ಕೊನೆಯ ಮದಕರಿನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ನಾಯಕನ ಸೇವೆಯಲ್ಲಿದ್ದ ಮುಸ್ಲಿಂ ಪಡೆಯವರ ದ್ರೋಹದಿಂದ ಕೋಟೆ ಬಿತ್ತೆಂದು ಬ್ರಿಟಿಷ್ ಇತಿಹಾಸಕಾರರು ಬರೆದಿದ್ದಾರೆ. ಮುಂದೆ ಇನ್ನೂ ನೋವಿನ ಸಂಗತಿಯಿದೆ. ನಾಯಕನ ಮೇಲೆ ಜೀವ ಇಟ್ಟಿದ್ದ ಬೇಡರು ಮತ್ತೆ ತಲೆಯೆತ್ತದಿರಲೆಂದು ಸುಮಾರು 20,000 ಮಂದಿಯನ್ನು ಹೈದರ್ ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಅವರಲ್ಲಿನ ಹುಡುಗರನ್ನು ಇಸ್ಲಾಮಿಗೆ ಸೇರಿಸಿ 'ಚೇಲಾ' ಪಡೆ ಕಟ್ಟಿದ ಎಂದು ವಿಲ್ಕ್ಸ್, ರೈಸ್ ಇಬ್ಬರೂ ದಾಖಲಿಸಿದ್ದಾರೆ. ಬರೆದವರು ಹೈದರನ ಶತ್ರುಗಳ ಕಡೆಯವರು ಎಂಬುದು ನಿಜ. ಅಷ್ಟರಿಂದಲೇ ಅದನ್ನು ತಳ್ಳಿಹಾಕುವಂತಿಲ್ಲ. ಬಲವಂತದಿಂದ ಊರು ಬಿಡಿಸುವುದು, ಬಲವಂತದಿಂದ ನಂಬಿಕೆ ಬದಲಿಸುವುದು ಯಾರು ಮಾಡಿದರೂ ಅನ್ಯಾಯವೇ. ಮಾಡಿದವನ ಹೆಸರು ನಮ್ಮ ಹೆಸರಿನಂತೆ ಇದ್ದರೂ ಅನ್ಯಾಯವೇ.

ಆದರೆ ಅದೇ ದಾಖಲೆಗಳನ್ನು ಇನ್ನೊಂದು ಬದಿಯಿಂದಲೂ ಓದಬಹುದು. ಮದಕರಿನಾಯಕನ ಸೇನೆಯಲ್ಲಿ ಮುಸ್ಲಿಮರು ಇದ್ದರು, ಅವನ ಉಪ್ಪು ತಿಂದು ಅವನ ಕೋಟೆ ಕಾಯುತ್ತಿದ್ದರು. ಹೈದರನ ಆಡಳಿತದಲ್ಲಿ ಪೂರ್ಣಯ್ಯನಂಥವರಿದ್ದರು. ಹೈದರನೂ ನಾಯಕನೂ ಒಮ್ಮೆ ಮಿತ್ರರಾಗಿ, ಒಮ್ಮೆ ಶತ್ರುಗಳಾಗಿ, ನಡುವೆ ಮರಾಠರು ಬಂದಾಗಲೆಲ್ಲ ಲೆಕ್ಕ ಬದಲಿಸುತ್ತ ನಡೆದವರು. ಅವರು ಕಾದಾಡಿದ್ದು ರಾಜ್ಯಕ್ಕಾಗಿ, ಕಪ್ಪಕ್ಕಾಗಿ, ಕೋಟೆಗಾಗಿ. ಅದನ್ನು ಎರಡು ಧರ್ಮಗಳ ಕಾಳಗವನ್ನಾಗಿ ಮಾಡಿಕೊಂಡವರು ನಂತರದವರು.

ಇದನ್ನೆಲ್ಲ ನಾವು ದೊಡ್ಡವರು ನೆರಳಿನಲ್ಲಿ ಕುಳಿತು ಚರ್ಚಿಸುತ್ತಿದ್ದೆವು. ಸುಮ್ಮನೆ ಕೇಳುತ್ತಿದ್ದ ಹುಡುಗ ಒಮ್ಮೆಲೇ ಕೇಳಿದ: "ಆ ಹುಡುಗರು ಮತ್ತೆ ಇಲ್ಲಿಗೆ ವಾಪಸ್ ಬಂದ್ರಾ?"

ಯಾರ ಬಳಿಯೂ ಉತ್ತರವಿರಲಿಲ್ಲ. ಹೋದದ್ದು ಬೇಡರ ಮಕ್ಕಳು. ಬಂದಿದ್ದರೆ ಮುಸ್ಲಿಂ ಹೆಸರು ಹೊತ್ತು ಬಂದಿರಬೇಕು. ಈ ಕಿಂಡಿಯ ಮುಂದೆ ನಿಂತರೆ ಅವರು ಯಾರ ಕಡೆಯವರು? ಓಬವ್ವನ ಕಡೆಯವರೋ, ಹೈದರನ ಕಡೆಯವರೋ? ಅವರ ಮಕ್ಕಳ ಮೊಮ್ಮಕ್ಕಳು ಇಂದು ಎಲ್ಲಿದ್ದಾರೆ, ಯಾರ ಆಟದಲ್ಲಿ ಯಾರಾಗಿದ್ದಾರೆ? 'ನಿಮ್ಮೋರು', 'ನಮ್ಮೋರು' ಎಂದು ಗೆರೆ ಎಳೆಯುವವರಿಗೆ ಆ ಹುಡುಗನ ಪ್ರಶ್ನೆಗಿಂತ ದೊಡ್ಡ ಉತ್ತರವನ್ನು ನಾವು ಕೊಡಲಾರೆವು.

ಮಾರಿಕಣಿವೆಯ ನೆರಳು

ವಿಹಾರಕ್ಕೆಂದು ನಡೆಯುವುದು ಒಂದು ಭಾಗ್ಯ. ಕೋಟೆಯಿಂದ ಇಳಿಯುವಾಗ ಈ ಮಾತು ನಮ್ಮನ್ನು ಬಿಡಲಿಲ್ಲ. ಸೆರೆಯಾಗಿ ನಡೆದವರಿದ್ದಾರೆ, ಹಸಿದು ನಡೆದವರಿದ್ದಾರೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಬರಗಾಲದಲ್ಲಿ ಜನ ಊರು ತೊರೆದು, ಗಂಜಿ ಕೇಂದ್ರಗಳನ್ನು ಹುಡುಕಿಕೊಂಡು, ದಾರಿಯಲ್ಲೇ ಬಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಗಳ ಹಿಂದೆ ಎಷ್ಟು ನಡಿಗೆಗಳು ಅರ್ಧಕ್ಕೇ ನಿಂತಿರಬೇಕು!

ಆ ಬರದ ನೆನಪು ಹಸಿಯಾಗಿದ್ದಾಗಲೇ ಹಿರಿಯೂರು ತಾಲೂಕಿನಲ್ಲಿ ಎರಡು ಬೆಟ್ಟಗಳ ನಡುವೆ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟು ಎದ್ದಿತು. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಕೆಲಸ ಆರಂಭವಾದಾಗ ರಾಜಪ್ರತಿನಿಧಿಯಾಗಿ ಆಳುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ, ದಿವಾನರು ಕೆ. ಶೇಷಾದ್ರಿ ಅಯ್ಯರ್. ಮಹಾರಾಣಿಯ ಬಿರುದಿನಿಂದಲೇ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂಬ ಹೆಸರು. ಕಲ್ಲು, ಗಾರೆಯಲ್ಲಿ ಕಟ್ಟಿದ, 130 ಅಡಿ ನೀರು ನಿಲ್ಲುವ, 30 ಟಿಎಂಸಿ ಹಿಡಿಯುವ ಇದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿಯಲು 89 ವರ್ಷ ಹಿಡಿಯಿತು. 2022ರಲ್ಲಿ ಕೋಡಿ ಬಿದ್ದಾಗ ಇಡೀ ಜಿಲ್ಲೆ ಜಾತ್ರೆಯಂತೆ ಬಂದು ನಿಂತು ನೋಡಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಭದ್ರಾ ಮೇಲ್ದಂಡೆ ಯೋಜನೆಯಿಂದ ಭದ್ರೆಯ ನೀರೂ ಈಗ ವೇದಾವತಿಯನ್ನು ಸೇರುತ್ತಿದೆ.

ಹಿರಿಯೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮುಂದೆ ಅಣೆಕಟ್ಟಿನ ತನಕ ಇನ್ನೊಂದು ಬಸ್ಸು ಹಿಡಿದು, ಸಂಜೆ ಬಿಸಿಲು ತಗ್ಗಿದ ಮೇಲೆ ನಾವು ಅಲ್ಲಿ ನಡೆದೆವು. ನೀರಿನ ಮೇಲಿಂದ ಬರುವ ಗಾಳಿಗೆ ಬೇಸಿಗೆ ಮರೆತುಹೋಯಿತು. ಗುಂಪಿನ ಹಿರಿಯರು ಒಂದು ಮಾತು ನೆನಪಿಸಿದರು. ಈ ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿಯ ಮಡಿಲಲ್ಲಿ. ವೇದಾ, ಅವತಿ ಎಂಬ ಎರಡು ಹಳ್ಳಗಳು ಆ ಬೆಟ್ಟಸಾಲಿನಿಂದ ಇಳಿದು, ಕಡೂರಿನ ಹತ್ತಿರ ಕೂಡಿ ಒಂದು ನದಿಯಾಗುತ್ತವೆ. ಹಿಂದೂಗಳೂ ಮುಸ್ಲಿಮರೂ ಶತಮಾನಗಳಿಂದ ಹರಕೆ ಹೊತ್ತ ಬೆಟ್ಟದ ಕೆಳಗಿನ ನೀರು ಎರಡು ಹೆಸರು ಕೂಡಿಸಿಕೊಂಡು ನಮ್ಮ ಜಿಲ್ಲೆಗೆ ಬರುತ್ತದೆ. ಯಾರೂ ಅದನ್ನು ಇಬ್ಭಾಗ ಮಾಡಿ ಕುಡಿದವರಿಲ್ಲ.

ಹೊಸದುರ್ಗದ ಹುಲ್ಲುಗಾವಲು

ಅದೇ ನದಿಯ ಮೇಲ್ಭಾಗಕ್ಕೆ, ಹೊಸದುರ್ಗಕ್ಕೆ, ಮುಂದಿನ ನಡಿಗೆ. ಚಿತ್ರದುರ್ಗ ಹಳೆಯ ದುರ್ಗ, ಇದು ಹೊಸ ದುರ್ಗ. ನಾಯಕರ ಕಾಲದ ಈ ಬೆಟ್ಟದ ಕೋಟೆಗೆ ಜನಜಂಗುಳಿಯಿಲ್ಲ. ಬೆಳಿಗ್ಗೆ ಹತ್ತಿ ಕುಳಿತರೆ ಸುತ್ತ ತೆಂಗಿನ ತೋಟಗಳ ಹಸಿರು, ಅದರಾಚೆ ಒಣ ಬಯಲು. ಕೆಲ್ಲೋಡಿನ ಕಡೆ ವೇದಾವತಿಯ ದಂಡೆಯಲ್ಲಿ ನಡೆದರೆ ನದಿಯ ಮರಳು, ನೀರಿನ ಮಡು, ದನ ಮೈತೊಳೆಯುವವರು ಕಾಣುತ್ತಾರೆ. ವಾಣಿವಿಲಾಸದ ಹಿನ್ನೀರು ಈ ತಾಲೂಕಿನವರೆಗೂ ಚಾಚುತ್ತದೆ. 2022ರಲ್ಲಿ ಅಲ್ಲಿ ಸಂಭ್ರಮವಾದ ನೀರೇ ಇಲ್ಲಿ ಕೆಲವರ ತೋಟ, ಮನೆಗಳಿಗೆ ನುಗ್ಗಿತ್ತು. ಒಬ್ಬರ ಹಬ್ಬ ಇನ್ನೊಬ್ಬರ ಸಂಕಟವಾಗುವುದು ನೀರಿನ ಚರಿತ್ರೆಯಲ್ಲೂ ಉಂಟು.

ಇಲ್ಲಿನ ಕಾವಲುಗಳ ಬಗ್ಗೆಯೂ ಹೇಳಬೇಕು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಸೇನೆಯ ತೋಪುಗಳನ್ನೂ ಸಾಮಾನುಗಳನ್ನೂ ಎಳೆಯುವ ಎತ್ತುಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು. ಚಿತ್ರದುರ್ಗ ಜಿಲ್ಲೆಯಲ್ಲಿ ಅಂಥವು ಹಲವಿದ್ದವು, ಈಗ ತುಣುಕು ತುಣುಕಾಗಿ ಉಳಿದಿವೆ. ಒಡೆಯರು ಆರಂಭಿಸಿ, ನವಾಬರು ಬೆಳೆಸಿ, ಗೊಲ್ಲರು ಮೇಯಿಸಿ ಉಳಿಸಿದ ಹಳ್ಳಿಕಾರ್ ವಂಶದ ಆ ದನಗಳನ್ನು ನೋಡಿದರೆ, ಯಾವ ಅರಸನ ಸೊತ್ತು ಎಂದು ಕೇಳಲು ಮನಸ್ಸಾಗುವುದಿಲ್ಲ.

ಹೊಳಲ್ಕೆರೆ: ಹೆಸರಿನಲ್ಲೇ ಕೆರೆ

ಕೊನೆಯ ನಡಿಗೆ ಹೊಳಲ್ಕೆರೆಯಲ್ಲಿ. ಹೊಳಲು ಎಂದರೆ ಹಳಗನ್ನಡದಲ್ಲಿ ಪಟ್ಟಣ. ನಾಲ್ಕು ಊರುಗಳಲ್ಲಿ ಎರಡರ ಹೆಸರಿನಲ್ಲಿ ದುರ್ಗವಿದೆ, ಒಂದರಲ್ಲಿ ಊರಿದೆ, ಇದರಲ್ಲಿ ಮಾತ್ರ ಕೆರೆ. ಜಿಲ್ಲೆಯ ಈ ಭಾಗಕ್ಕೆ ಹಿರಿಯೂರಿಗಿಂತ ಮಳೆ ಹೆಚ್ಚು, ಹಾಗಾಗಿ ಅಡಕೆ ತೋಟಗಳ ನೆರಳೂ ಹೆಚ್ಚು. ಚಾವಣಿಯಿಲ್ಲದೆ ಆಕಾಶದ ಕೆಳಗೆ ಕುಳಿತ ಬಯಲು ಗಣಪನ ಗುಡಿಯ ಆವರಣದಲ್ಲಿ ನಡಿಗೆ ಶುರು. ಹೂ ಮಾರುವ ಅಜ್ಜಿ ನಮ್ಮನ್ನು ನೋಡಿ, "ಎಲ್ಲಿಂದ ಬಂದ್ರಪ್ಪಾ, ಬಿಸ್ಲಾಗೆ? ಕುಂತ್ಕಳಿ, ನೀರು ಕುಡೀರಿ" ಎಂದು ತಾವೇ ತಂಬಿಗೆ ಕೊಟ್ಟರು. ಯಾರು, ಯಾವ ಜಾತಿ ಎಂದು ಕೇಳಲಿಲ್ಲ.

ಹಿಂದೆ ಕೇಳುತ್ತಿದ್ದರು ಎಂಬುದನ್ನೂ ನಾವು ಮರೆಯಬಾರದು. ಕೆರೆ ಕಟ್ಟೆಗಳ ಗುಣಗಾನ ಮಾಡುವಾಗ ಅವುಗಳ ಮೆಟ್ಟಿಲು ಇಳಿಯಲು ಬಿಡದೆ ದೂರ ನಿಲ್ಲಿಸಿದ ಜನರ ನೆನಪೂ ಇರಬೇಕು. ಕೆರೆ ತೋಡಿದವರ ಕೈಗೇ ಕೆರೆಯ ನೀರು ಎಟುಕದ ಕಾಲವಿತ್ತು. ಹಳೆಯದೆಲ್ಲ ಚಿನ್ನವಲ್ಲ.

ಇಂದಿನ ಕಷ್ಟ ಬೇರೆ ಬಗೆಯದು. ಕೆರೆಯನ್ನು ಮರೆತು ಕೊಳವೆಬಾವಿ ನಂಬಿದೆವು. ನೂರಾರು ಅಡಿ ಕೊರೆದರೂ ನೀರು ಕಾಣದ ಹಳ್ಳಿಗಳಿವೆ. ಬರದ ವರ್ಷಗಳಲ್ಲಿ ಅಡಕೆ ಉಳಿಸಿಕೊಳ್ಳಲು ಹೊಳಲ್ಕೆರೆಯ ರೈತರು ಟ್ಯಾಂಕರ್ ನೀರು ಕೊಂಡು ಹಾಕಿದ್ದನ್ನು ನಾವೆಲ್ಲ ಬಲ್ಲೆವು. 2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ರಸ್ತೆ ಅಗಲವಾದಂತೆ ಹುಣಸೆ, ಬೇವು, ಆಲಗಳ ಸಾಲು ಹೋಯಿತು. ಈಗಿನ ಹೆದ್ದಾರಿಯಲ್ಲಿ ನಡೆಯುವವನಿಗೆ ಜಾಗವೂ ಇಲ್ಲ, ನೆರಳೂ ಇಲ್ಲ. ಬಿಸಿಲಿನಲ್ಲಿ ನಡೆಯುವುದು ಕಷ್ಟವಾದದ್ದು ಬಿಸಿಲು ಹೆಚ್ಚಿದ್ದರಿಂದ ಮಾತ್ರವಲ್ಲ, ನಡೆಯುವವನನ್ನು ನಾವು ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದರಿಂದಲೂ.

ನೀವೂ ಹೊರಡುವುದಾದರೆ

ನಮ್ಮ ಅನುಭವದಿಂದ ನಾಲ್ಕು ಮಾತು. ಒಂದು ಬೆಳಗಿಗೆ ಒಂದೇ ಜಾಗ ಇಟ್ಟುಕೊಳ್ಳಿ, ಎರಡನೆಯದರ ಆಸೆ ಬೇಡ. ಬೆಳಕು ಹರಿಯುವ ಮೊದಲು ಹೊರಟು ಒಂಬತ್ತಕ್ಕೆಲ್ಲ ನೆರಳು ಸೇರಿ, ಇಲ್ಲವೇ ಸಂಜೆ ಐದರ ನಂತರ ಹೊರಡಿ. ಒಬ್ಬರಿಗೆ ಎರಡು ಲೀಟರ್ ನೀರು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ತಲೆಗೆ ಟವೆಲ್ಲು ಇರಲಿ. ಜೋಗಿಮಟ್ಟಿಯ ಕಡೆ ಹೋಗುವುದಿದ್ದರೆ ಅದು 2015ರಿಂದ ವನ್ಯಜೀವಿ ಧಾಮ ಎಂಬುದು ನೆನಪಿರಲಿ. ಬೇಸಿಗೆ ಕಾಡಿಗೆ ಬೆಂಕಿಯ ಕಾಲ, ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಹೊಂಡ, ಕೆರೆಗಳಿಗೆ ಇಳಿಯುವ ಸಾಹಸ ಬೇಡ, ಪ್ಲಾಸ್ಟಿಕ್ ಬಾಟಲಿ ಅಲ್ಲಿ ಬಿಡುವುದಂತೂ ಬೇಡವೇ ಬೇಡ. ಮಕ್ಕಳನ್ನು ಕರೆದೊಯ್ಯಿರಿ, ಮುದುಕರನ್ನೂ ಕರೆದೊಯ್ಯಿರಿ. ಮುದುಕರ ನಡಿಗೆ ನಿಧಾನ, ಅದೇ ಸರಿಯಾದ ವೇಗ. ಸಾಧ್ಯವಾದರೆ ನಿಮ್ಮ ಧರ್ಮದವರಲ್ಲದ ಒಬ್ಬರಾದರೂ ಜೊತೆಗಿರಲಿ. ಒಂದೇ ಕಲ್ಲನ್ನು ಇಬ್ಬರು ನೋಡಿದಾಗ ಎರಡು ಕತೆ ಕೇಳಸಿಗುತ್ತವೆ.

ಮುಂಗಾರಿನ ಮೊದಲ ಮಳೆ ಬಂದ ಮೇಲೆ ಆ ಹುಡುಗ ತಾತನನ್ನು ಕಾಡಿ ಮತ್ತೆ ಕೋಟೆಗೆ ಹೋದನಂತೆ. ಹೊಂಡದಿಂದ ಹೊಂಡಕ್ಕೆ ನೀರು ಹರಿಯುವುದನ್ನು ನೋಡಬೇಕಿತ್ತಂತೆ. ಈ ಸಲ ಜೊತೆಯಲ್ಲಿ ತನ್ನ ತರಗತಿಯ ಇಬ್ಬರು ಹುಡುಗರನ್ನೂ ಕರೆದುಕೊಂಡು ಹೋಗಿದ್ದ. ಅಂದು ಕೈ ತೋರಿಸಿದವರಲ್ಲಿ ಅವರೂ ಇದ್ದರು. ತಣ್ಣೀರು ದೋಣಿಯ ಬಳಿ ನಿಂತು, "ಓಬವ್ವ ಇಲ್ಲಿಗೆ ಯಾತಕ್ಕೆ ಬಂದಿದ್ದು, ಹೇಳ್ರೋ ನೋಡನ" ಎಂದು ಅವರನ್ನು ಕೇಳಿದನಂತೆ.